ಮುಂಬಯಿಯ ಇರಾನಿ ಹೋಟೆಲುಗಳಲ್ಲಿ

ಮುಂಬಯಿಯ ಹಳೆಯ ಬಡಾವಣೆಗಳಲ್ಲಿ ನಡೆದಾಡಿದವರ ಕಣ್ಣಿಗೆ ಒಂದು ಸಂಗತಿ ಬೀಳದೆ ಇರಲಾರದು. ಎರಡು ಬೀದಿಗಳು ಕೂಡುವ ಕಡೆ, ಕಟ್ಟಡದ ಸರಿಯಾದ ಮೂಲೆಯಲ್ಲಿ, ಎರಡೂ ಬೀದಿಗಳತ್ತ ಬಾಗಿಲು ತೆರೆದುಕೊಂಡು ಕುಳಿತ ಒಂದು ಚಹಾದಂಗಡಿ ಇರುತ್ತದೆ. ಒಳಗೆ ಕಪ್ಪು ಬಣ್ಣದ ಬಾಗಿದ ಕಟ್ಟಿಗೆಯ ಕುರ್ಚಿಗಳು, ಅಮೃತಶಿಲೆಯ ಹಾಸಿನ ಮೇಜುಗಳು, ಗೋಡೆಗೆ ದೊಡ್ಡ ಕನ್ನಡಿಗಳು. ಬಾಗಿಲ ಬಳಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮಾಲಿಕರು. ಅವರ ಪಕ್ಕದಲ್ಲಿ ಗಾಜಿನ ಭರಣಿಗಳ ತುಂಬ ಬಿಸ್ಕೀಟು, ಗಾಜಿನ ಕಪಾಟಿನ ತುಂಬ ಕೇಕು. ಅಲ್ಲಿಯ ಜನ ಇದನ್ನು ಹೋಟೆಲೆಂದೂ ಹೇಳುವುದಿಲ್ಲ, ಕೆಫೆಯೆಂದೂ ಹೇಳುವುದಿಲ್ಲ. ಬರಿದೆ 'ಇರಾನಿ' ಎನ್ನುತ್ತಾರೆ. ಯಾವ ಊರಿನ ಮೂಲೆಯಲ್ಲಾದರೂ ಒಂದು ಅಂಗಡಿಗೆ ಒಂದು ದೇಶದ ಹೆಸರೇ ಬಂದು ನಿಂತದ್ದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಮೂಲೆಯೇ ಏಕೆ? ಇದಕ್ಕೆ ಮುಂಬಯಿಯವರೆಲ್ಲ ಹೇಳುವ ಉತ್ತರ ಒಂದೇ. ಮೂಲೆಯ ಜಾಗ ವ್ಯಾಪಾರಕ್ಕೆ ಒಳಿತಲ್ಲವೆಂದು ನಂಬಿದ್ದ ಇಲ್ಲಿಯ ವರ್ತಕರು ಅದನ್ನು ಬಿಟ್ಟುಬಿಡುತ್ತಿದ್ದರಂತೆ. ಹೊರದೇಶದಿಂದ ಬರಿಗೈಯಲ್ಲಿ ಬಂದವರಿಗೆ ಆ ಭಯವಿರಲಿಲ್ಲ. ಯಾರಿಗೂ ಬೇಡವಾದ ಜಾಗ ಅಗ್ಗದ ಬಾಡಿಗೆಗೆ ಅವರ ಪಾಲಿಗೆ ಬಂದಿತು. ಎರಡು ಬೀದಿಗಳ ಗಾಳಿ, ಎರಡು ಬೀದಿಗಳ ಬೆಳಕು, ಎರಡು ಬೀದಿಗಳ ಗಿರಾಕಿಗಳು. ಒಬ್ಬರ ಅಪಶಕುನ ಇನ್ನೊಬ್ಬರ ಅನ್ನವಾಯಿತು.

ಈ ಬಂದವರು ಯಾರೆಂಬುದನ್ನು ಮೊದಲು ತಿಳಿಯಬೇಕು. ಪಾರಸಿಗಳೂ ಇರಾನಿಗಳೂ ಒಂದೇ ಎಂದು ನಮ್ಮಲ್ಲಿ ಬಹುಜನ ತಿಳಿದಿದ್ದಾರೆ. ಇಬ್ಬರೂ ಜರತುಷ್ಟ್ರ ಪ್ರವಾದಿಯ ಅನುಯಾಯಿಗಳು, ಅಗ್ನಿಯನ್ನು ಪವಿತ್ರವೆಂದು ಪೂಜಿಸುವವರು ಎಂಬುದು ನಿಜ. ಆದರೆ ಪಾರಸಿಗಳು ಗುಜರಾತದ ಕರಾವಳಿಗೆ ಬಂದು ಸಾವಿರ ವರ್ಷಗಳಿಗೂ ಮೇಲಾಯಿತು; ಗುಜರಾತಿ ಅವರ ಮನೆಮಾತಾಗಿ, ಬ್ರಿಟಿಷರ ಕಾಲಕ್ಕೆ ಅವರು ಹಡಗು, ಹತ್ತಿ, ಗಿರಣಿಗಳ ಒಡೆಯರಾಗಿದ್ದರು. ಇರಾನಿಗಳೆಂದು ಕರೆಸಿಕೊಳ್ಳುವವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಯಜ್ದ್ ಮತ್ತು ಕೆರ್ಮಾನ್ ಪ್ರಾಂತಗಳಿಂದ ಬಂದವರು. ಅಲ್ಲಿ ಅವರ ಬಾಳು ಕಷ್ಟದ್ದಾಗಿತ್ತು. ಜಿಜಿಯಾ ತಲೆಗಂದಾಯ, ಉಡುಪಿಗೆ ನಿರ್ಬಂಧ, ಕುದುರೆ ಏರಿ ಹೋಗುವುದಕ್ಕೂ ನಿರ್ಬಂಧ. 1854ರಲ್ಲಿ ಮುಂಬಯಿಯ ಪಾರಸಿಗಳು ಮಾಣೆಕ್ಜಿ ಲಿಮ್ಜಿ ಹತಾರಿಯಾ ಎಂಬವರನ್ನು ತಮ್ಮ ಧರ್ಮಬಾಂಧವರ ಕಷ್ಟ ವಿಚಾರಿಸಲು ಇರಾನಿಗೆ ಕಳುಹಿಸಿದರು. ಅವರ ದೀರ್ಘ ಪ್ರಯತ್ನದ ಫಲವಾಗಿ 1882ರಲ್ಲಿ ಆ ತೆರಿಗೆ ರದ್ದಾಯಿತು. ಆದರೆ ಆ ವೇಳೆಗೆ 1870-72ರ ಘೋರ ಬರಗಾಲ ಅನೇಕರನ್ನು ಊರು ಬಿಡಿಸಿತ್ತು.

ಮುಂಬಯಿಗೆ ಬಂದವರಲ್ಲಿ ಹಲವರು ಮೊದಲು ಪಾರಸಿ ಶ್ರೀಮಂತರ ಮನೆಗಳಲ್ಲಿ ಚಾಕರಿಗೆ ನಿಂತರು. ಬಳಿಕ ಚಹಾ ಕಾಸಿ ಮಾರಿದರು. ಕೂಡಿಟ್ಟ ದುಡ್ಡಿನಲ್ಲಿ ಇಬ್ಬರು ಮೂವರು ಪಾಲುಗಾರರಾಗಿ ಮೂಲೆಯ ಅಂಗಡಿ ಹಿಡಿದರು. ಕಾಯಕದ ಮೂಲಕ ಮೇಲೆ ಬಂದ ಕುಟುಂಬಗಳ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಆದ್ದರಿಂದ ಇದನ್ನು ಹೆಚ್ಚು ಬೆಳೆಸುವುದಿಲ್ಲ.

ಈಚೆಗೆ ನಾವು ಕುಟುಂಬಸಮೇತ ಮುಂಬಯಿಗೆ ಹೋದಾಗ ಧೋಬಿ ತಲಾವಿನ 'ಕಯಾನಿ ಅಂಡ್ ಕಂಪನಿ'ಯನ್ನು ನೋಡಲೆಂದೇ ಒಂದು ಮುಂಜಾವು ಮೀಸಲಿಟ್ಟೆವು. 1904ರಲ್ಲಿ ಆರಂಭವಾದ ಅಂಗಡಿಯಿದು. ಜೇರ್ ಮಹಲ್ ಎಂಬ ಹಳೆಯ ಕಟ್ಟಡದ ಕೆಳಗಿದೆ. ಎದುರಿಗೆ 1938ರಲ್ಲಿ ತೆರೆದ ಮೆಟ್ರೊ ಚಿತ್ರಮಂದಿರ. ಚಿತ್ರಮಂದಿರಕ್ಕಿಂತ ಚಹಾದಂಗಡಿಯೇ ಮೂವತ್ತು ವರ್ಷಕ್ಕೂ ಹಿರಿಯದೆಂದರೆ ಅದರ ವಯಸ್ಸಿನ ಕಲ್ಪನೆ ಬರಬಹುದು. ಎತ್ತರದ ಮಾಳಿಗೆ, ನಿಧಾನವಾಗಿ ತಿರುಗುವ ಪಂಖಾ, ಕೆಂಪು ಬಿಳಿ ಚೌಕುಳಿಯ ಮೇಜುಬಟ್ಟೆ, ಅದರ ಮೇಲೆ ಗಾಜು. ಸಕ್ಕರೆ ಹಾಕಿದ ಚಹಾ, ಸಕ್ಕರೆ ಬೇಡವೆಂದರೆ ಬೇರೆ. ಮಾತಾಡುವವರು ಮಾತಾಡುತ್ತಿದ್ದರು, ಪತ್ರಿಕೆ ಓದುವವರು ಓದುತ್ತಿದ್ದರು, ನಮ್ಮಂತೆ ಸುಮ್ಮನೆ ಗೋಡೆ ನೋಡುವವರೂ ಇದ್ದರು. ಯಾರೂ ಯಾರನ್ನೂ ಏಳಿಸುತ್ತಿರಲಿಲ್ಲ.

ಆ ಕುರ್ಚಿಗಳ ಬಗ್ಗೆ ಒಂದು ಮಾತು. ಹಬೆಯಲ್ಲಿ ಬೇಯಿಸಿ ಮೆತ್ತಗಾಗಿಸಿದ ಕಟ್ಟಿಗೆಯನ್ನು ಬಿಲ್ಲಿನಂತೆ ಬಾಗಿಸಿ ಮಾಡುವ ಈ ಬಗೆಯ ಕುರ್ಚಿಯನ್ನು ಜಗತ್ತಿಗೆ ಕೊಟ್ಟವರು ವಿಯೆನ್ನಾದ ಥೊನೆಟ್ ಕಾರ್ಖಾನೆಯವರು. 1859ರಲ್ಲಿ ಅವರು ಹೊರತಂದ ಹದಿನಾಲ್ಕನೆಯ ನಮೂನೆಯ ಕುರ್ಚಿಗೆ ಆರು ತುಂಡು ಕಟ್ಟಿಗೆ, ಹತ್ತು ಸ್ಕ್ರೂ, ಎರಡು ನಟ್ಟು ಇಷ್ಟೇ ಸಾಕಾಗುತ್ತಿತ್ತು. ಬಿಚ್ಚಿಟ್ಟರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ಹೀಗಾಗಿ ಇಂಥ ಕುರ್ಚಿಗಳು ಹಡಗು ಹತ್ತಿ ಜಗತ್ತಿನ ಚಹಾ-ಕಾಫಿಯ ಅಂಗಡಿಗಳನ್ನೆಲ್ಲ ಸೇರಿದವು. ಇರಾನಿ ಹೋಟೆಲುಗಳ ಕುರ್ಚಿಗಳೂ ಅದೇ ವಂಶದವು. ಮಧ್ಯ ಯೂರೋಪಿನಿಂದ ಬಂದವು. ಗೋಡೆಯ ಕನ್ನಡಿಗಳು ಬರಿಯ ಅಲಂಕಾರಕ್ಕಲ್ಲ. ಗಲ್ಲಾದಲ್ಲಿ ಕುಳಿತ ಮಾಲಿಕರಿಗೆ ಕತ್ತು ಹೊರಳಿಸದೆಯೇ ಕೋಣೆಯ ಎಲ್ಲ ಮೇಜುಗಳೂ ಕಾಣುವ ಏರ್ಪಾಡದು.

ಇನ್ನೊಂದು ವಿಶೇಷ ಗೋಡೆಯ ಫಲಕಗಳು. ಇದು ಮಾಡಬಾರದು, ಅದು ಮಾಡಬಾರದು ಎಂದು ಗಿರಾಕಿಗಳಿಗೆ ಎಚ್ಚರಿಕೆ ಕೊಡುವ ಪಟ್ಟಿಗಳು ಹಿಂದೆ ಇರಾನಿ ಹೋಟೆಲುಗಳಲ್ಲಿ ಸಾಮಾನ್ಯವಾಗಿದ್ದವು. ಕಯಾನಿಯ ಸಮೀಪದಲ್ಲಿಯೇ ಇದ್ದು ಈಗ ಇಲ್ಲವಾದ 'ಬಸ್ತಾನಿ' ಹೋಟೆಲಿನ ಇಂಥ ಫಲಕವೊಂದರಿಂದ ಇಂಗ್ಲಿಷ್ ಕವಿ ನಿಸ್ಸಿಮ್ ಎಜೆಕಿಯೆಲ್ ಒಂದು ಕವಿತೆಯನ್ನೇ ಮಾಡಿದರು. ಅಂಗಡಿ ಹೋಗಿದೆ, ಫಲಕ ಕವಿತೆಯಾಗಿ ಉಳಿದಿದೆ.

ಇನ್ನು ತಿನಿಸಿಗೆ ಬರೋಣ. ಇರಾನಿ ಹೋಟೆಲಿನ ಮೊದಲ ಮರ್ಯಾದೆ ಸಲ್ಲುವುದು ಬ್ರುನ್ ಮಸ್ಕಾಕ್ಕೆ. ಬ್ರುನ್ ಎಂದರೆ ಹೊರಗೆ ಗಟ್ಟಿ ತೊಗಟೆ, ಒಳಗೆ ಮೆತ್ತಗಿನ ತಿರುಳು ಇರುವ ಪಾವು. ಅದನ್ನು ಸೀಳಿ ಧಾರಾಳವಾಗಿ ಬೆಣ್ಣೆ ಸವರಿ ಕೊಡುತ್ತಾರೆ. ಮಸ್ಕಾ ಎಂದರೆ ಬೆಣ್ಣೆ. ಮೇಲಧಿಕಾರಿಗಳಿಗೆ 'ಮಸ್ಕಾ ಹೊಡೆಯುವ' ಮಾತು ನಮ್ಮ ಕಚೇರಿಗಳಿಗೂ ಬಂದು ಮುಟ್ಟಿದೆ, ಆದರೆ ಅದರ ಮೂಲರುಚಿಯನ್ನು ಬಲ್ಲವರು ಕಡಿಮೆ. ಬ್ರುನ್ನನ್ನು ಹಾಗೆಯೇ ಕಡಿಯಲು ಹೋದರೆ ವಯಸ್ಸಾದವರ ಹಲ್ಲಿಗೆ ಕಷ್ಟ. ಬಿಸಿ ಚಹಾದಲ್ಲಿ ಅದ್ದಬೇಕು. ಬೆಣ್ಣೆ ಕರಗಿ ಚಹಾದ ಮೇಲೆ ಹೊಂಬಣ್ಣದ ಚುಕ್ಕೆಗಳಾಗಿ ತೇಲುತ್ತದೆ. ನೋಡುವವರಿಗೆ ಇದೇನು ಎನಿಸಬಹುದು. ತಿಂದವರು ಎರಡನೆಯದನ್ನು ಕೇಳುತ್ತಾರೆ. ಚಹಾ ದಟ್ಟವಾಗಿ, ಹಾಲು ಹೆಚ್ಚಾಗಿ, ಬಹಳ ಸಿಹಿಯಾಗಿರುತ್ತದೆ. ಇನ್ನೂ ಗಟ್ಟಿಯಾಗಿ ಬೇಕಾದವರು 'ಪಾನೀ ಕಮ್' ಎನ್ನುತ್ತಾರೆ.

ಬಳಿಕ ಪದರು ಪದರಾದ ಖಾರಿ, ಟೋಸ್ಟು, ನಾನ್‌ಖಟಾಯಿ. ಇವು ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಪರಿಚಿತವಾದವೇ. ಮೈದಾ, ತುಪ್ಪ, ಸಕ್ಕರೆಗಳನ್ನು ಮನೆಯಿಂದ ಒಯ್ದುಕೊಟ್ಟು, ಊರ ಬೇಕರಿಯ ಭಟ್ಟಿಯಲ್ಲಿ ನಾನ್‌ಖಟಾಯಿ ಸುಡಿಸಿಕೊಂಡು ಡಬ್ಬಿ ತುಂಬಿ ತರುವ ರೂಢಿ ಎಷ್ಟೋ ಊರುಗಳಲ್ಲಿತ್ತು. ಆ ಹೆಸರಿನಲ್ಲಿರುವ 'ನಾನ್' ಪಾರಸೀಕ ಭಾಷೆಯ ರೊಟ್ಟಿ. ಈ ಬಿಸ್ಕೀಟು ಹುಟ್ಟಿದ್ದು ಸೂರತ್ತಿನಲ್ಲೆಂದು ಹೇಳುತ್ತಾರೆ. ಡಚ್ಚರು ಅಲ್ಲಿ ನಡೆಸುತ್ತಿದ್ದ ಬೇಕರಿಯನ್ನು ಹೋಗುವಾಗ ತಮ್ಮ ಪಾರಸಿ ಕೆಲಸಗಾರನಿಗೆ ಬಿಟ್ಟರಂತೆ. ಮೊಟ್ಟೆಯನ್ನೂ ಸೇಂದಿಯನ್ನೂ ಮುಟ್ಟದ ಊರವರಿಗಾಗಿ ಆತ ಎರಡನ್ನೂ ಬಿಟ್ಟು ತಯಾರಿಸಿದ ಒಣ ತಿನಿಸೇ ಮುಂದೆ ನಾನ್‌ಖಟಾಯಿ ಆಯಿತಂತೆ. ಸೇಂದಿಯ ಮಾತು ಏಕೆ ಬಂದಿತೆಂದರೆ, ಪೋರ್ಚುಗೀಸರು ಗೋವೆಗೆ ತಂದ ಪಾವಿನ ಹಿಟ್ಟನ್ನು ಮೊದಲು ಸೇಂದಿಯಿಂದಲೇ ಹುದುಗಿಸುತ್ತಿದ್ದರು. ನಮ್ಮ ಅಜ್ಜ-ಅಜ್ಜಿಯರ ತಲೆಮಾರಿನ ಆಚಾರವಂತರು ಪಾವು ಎಂದರೆ ದೂರ ಸರಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಆದರೆ ಇರಾನಿಗಳ ಕೀರ್ತಿಯೆಲ್ಲ ಇರುವುದು ಮಾವಾ ಕೇಕಿನಲ್ಲಿ. ಮಾವಾ ಎಂದರೆ ನಮ್ಮ ಖೋವಾ. ಹಾಲನ್ನು ಕಾಯಿಸಿ ಕಾಯಿಸಿ, ತಳಹತ್ತದಂತೆ ಕೈಯಾಡಿಸಿ, ಉಂಡೆ ಕಟ್ಟುವವರೆಗೆ ಬತ್ತಿಸಿದ್ದು. ಬೆಳಗಾವಿಯ ಕುಂದಾಕ್ಕೂ ಧಾರವಾಡದ ಪೇಡೆಗೂ ಮೂಲವಾದ ಪದಾರ್ಥವೇ ಇಲ್ಲಿ ಯೂರೋಪಿನ ಕೇಕಿನೊಳಗೆ ಹೊಕ್ಕಿದೆ. ಬೆಣ್ಣೆ ಸಕ್ಕರೆಗಳನ್ನು ನುರಿದು, ಮಾವಾ ಬೆರೆಸಿ, ಮೈದಾ ಕೂಡಿಸಿ, ಯಾಲಕ್ಕಿ ಪುಡಿ ಹಾಕಿ, ಸಣ್ಣ ಕಾಗದದ ಬಟ್ಟಲಿನಲ್ಲಿ ಸುಡುತ್ತಾರೆ. ಮೇಲೆ ಬಾದಾಮಿ ಬಣ್ಣ, ಒಳಗೆ ಒದ್ದೆಯೆನ್ನುವಷ್ಟು ಮೃದು. ಕಾಗದ ಬಿಡಿಸುವಾಗ ಯಾಲಕ್ಕಿಯ ಪರಿಮಳ ಮೊದಲು ಬರುತ್ತದೆ, ಹಾಲಿನ ರುಚಿ ಆಮೇಲೆ. ಮೇಲೆ ಕೆನೆಯ ಹೂ ಬಿಡಿಸಿ ಬಣ್ಣ ಹಚ್ಚುವ ಈಗಿನ ಕೇಕುಗಳ ಮುಂದೆ ಇದು ತೀರ ಸಾದಾ ಕಾಣುತ್ತದೆ. ನಮಗಂತೂ ಈ ಸಾದಾತನವೇ ಹಿಡಿಸಿತು. ಹಾಲನ್ನು ಬತ್ತಿಸಿದ ಶ್ರಮ ನಾಲಿಗೆಗೆ ತಿಳಿಯುತ್ತದೆ. ಬಣ್ಣದ ಶ್ರಮ ಕಣ್ಣಿಗಷ್ಟೇ.

ಒಂದು ಮಾತನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಮಾವಾ ಕೇಕಿಗೆ ಮೊಟ್ಟೆ ಹಾಕುತ್ತಾರೆ. ಇರಾನಿ ಹೋಟೆಲುಗಳಲ್ಲಿ ಮಾಂಸದ ಅಡಿಗೆಯೂ ಆಗುತ್ತದೆ. ನಮ್ಮೊಡನೆ ಬಂದಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು, ವಿಜಾಪುರದ ಕಡೆಯವರು, ಇನ್ನೊಂದು ಹೋಟೆಲಿನಲ್ಲಿ ಕೇಕಿನ ಕಪಾಟಿನ ಮುಂದೆ ನಿಂತು ನೇರವಾಗಿ ಕನ್ನಡದಲ್ಲಿಯೇ ಕೇಳಿದರು: "ಏನಪಾ, ಇದರಾಗ ತತ್ತಿ ಹಾಕೀರೇನು?" ಗಲ್ಲಾದವರಿಗೆ ಕನ್ನಡ ಬಾರದು, ಆದರೆ ಕೈ ಯಾವುದರ ಕಡೆ ತೋರಿಸುತ್ತಿದೆ, ಕೊರಳಲ್ಲಿ ಏನಿದೆ ಎಂಬುದನ್ನು ನೋಡಿ ಪ್ರಶ್ನೆ ಅರ್ಥವಾಗಿರಬೇಕು. "ಅಂಡಾ ಹೈ, ಮಾಜೀ" ಎಂದು ಹೇಳಿ, ಬೇರೆ ಭರಣಿಯತ್ತ ಬೆರಳು ಮಾಡಿದರು. ಅವ್ವ ನಾನ್‌ಖಟಾಯಿ ಕಟ್ಟಿಸಿಕೊಂಡು, ಚಹಾ ಕುಡಿದು, "ಮಂದಿ ಖರೇ ಹೇಳ್ತಾರ, ಅದs ಭೇಶ್" ಎಂದು ಹೊರಬಿದ್ದರು. ನಮ್ಮಲ್ಲಿ ಕೆಲವರು ಕೇಕು ತಿಂದರು, ಕೆಲವರು ತಿನ್ನಲಿಲ್ಲ. ಅವರವರ ಮನೆಯ ನಡಾವಳಿ ಅವರವರಿಗೆ. ಮೊಟ್ಟೆಯಿಲ್ಲದ ಮಾವಾ ಕೇಕನ್ನು ಮಾಡುವ ಬೇಕರಿಗಳೂ ಉಂಟು. ಕೇಕನ್ನು ಶಾಕಾಹಾರಿಗಳ ಮನೆಯೊಳಗೆ ತರುವ ಕೆಲಸವನ್ನು ಕರ್ನಾಟಕದಲ್ಲಿ ಅಯ್ಯಂಗಾರ್ ಬೇಕರಿಗಳು ಮಾಡಿದವು. ಬೆಂಗಳೂರಿನ ಚಿಕ್ಕಪೇಟೆಯ ಬಿ.ಬಿ. ಅಯ್ಯಂಗಾರ್ ಬೇಕರಿ 1898ರಷ್ಟು ಹಿಂದಿನದು. ಆ ಕಥೆಗೆ ಬೇರೆಯೇ ಲೇಖನ ಬೇಕು.

ತಿನಿಸಿಗಿಂತ ದೊಡ್ಡ ಸಂಗತಿ ಮೇಜಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ನಗರಗಳ ಊಟದ ಮನೆಗಳು ಹೇಗಿದ್ದವೆಂಬುದನ್ನು ನೆನೆಯಬೇಕು. 'ಬ್ರಾಹ್ಮಣರ ಕಾಫಿ ಕ್ಲಬ್ಬು', 'ಬ್ರಾಹ್ಮಣರ ಊಟದ ಹೋಟೆಲು' ಎಂಬ ಬೋರ್ಡುಗಳನ್ನು ಹಿರಿಯರು ಕಂಡಿದ್ದಾರೆ. ನಮ್ಮವರೂ ಇದಕ್ಕೆ ಹೊರತಾಗಿರಲಿಲ್ಲ. ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಕಡೆ 'ಲಿಂಗಾಯತ ಖಾನಾವಳಿ' ಎಂಬ ಹೆಸರು ಇಂದಿಗೂ ರೊಟ್ಟಿ-ಎಣ್ಣೆಗಾಯಿಯ ಊಟಕ್ಕೆ ಮರ್ಯಾದೆಯ ಗುರುತಾಗಿಯೇ ಉಳಿದಿದೆ. ಶುಚಿಯಾದ ಸಸ್ಯಾಹಾರ ಸಿಗುವುದೆಂಬ ಭರವಸೆ ಆ ಹೆಸರಿನಲ್ಲಿದೆ ಎನ್ನುವುದು ನಿಜ. ಆದರೆ ಬೋರ್ಡಿನ ಮೇಲೆ ಜಾತಿಯ ಹೆಸರಿದ್ದಾಗ ಒಳಗೆ ಬರಲು ಹಿಂಜರಿದು ಬಾಗಿಲಲ್ಲಿಯೇ ನಿಂತವರೂ ಇದ್ದಿರಬೇಕಲ್ಲವೆ? ಸಹಪಂಕ್ತಿಯನ್ನು ಎಂಟು ನೂರು ವರ್ಷಗಳ ಹಿಂದೆಯೇ ಆಚರಿಸಿದ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಆ ಪ್ರಶ್ನೆಯನ್ನು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಇರಾನಿಯ ಬೋರ್ಡಿನ ಮೇಲೆ ಯಾವ ಜಾತಿಯ ಹೆಸರೂ ಇರಲಿಲ್ಲ. ಗಿರಣಿ ಕೆಲಸಗಾರ, ಬಂದರಿನ ಹಮಾಲ, ಟ್ಯಾಕ್ಸಿಯವ, ಕಾಲೇಜು ಹುಡುಗ, ವಕೀಲ, ಕವಿ ಎಲ್ಲರೂ ಒಂದೇ ಅಮೃತಶಿಲೆಯ ಮೇಜಿಗೆ ಕೂಡುತ್ತಿದ್ದರು. ಮೇಜು ಖಾಲಿಯಿಲ್ಲದಿದ್ದರೆ ಅಪರಿಚಿತರ ಎದುರಿನ ಕುರ್ಚಿಯನ್ನು ಎಳೆದುಕೊಂಡು ಕುಳಿತುಕೊಳ್ಳುವುದೇ ಅಲ್ಲಿಯ ಪದ್ಧತಿ. ಒಂದು ಕಪ್ಪು ಚಹಾಕ್ಕೆ ಒಂದು ತಾಸು ಕುಳಿತರೂ ನೆಲೆಯಿಲ್ಲದವನಿಗೆ ಆ ಒಂದು ತಾಸಿನ ನೆಲೆ ಸಿಗುತ್ತಿತ್ತು. ಹೆಂಗಸರು ಹೋಟೆಲಿಗೆ ಹೋಗುವುದೇ ಅಪರೂಪವಾಗಿದ್ದ ದಿನಗಳಲ್ಲಿ, ಅನೇಕ ಇರಾನಿಗಳಲ್ಲಿ ಕುಟುಂಬದವರಿಗೆಂದು ಮರದ ತಡಿಕೆಯ 'ಫ್ಯಾಮಿಲಿ ರೂಮು'ಗಳನ್ನು ಮಾಡಿರುತ್ತಿದ್ದರು. ಇಂದಿನವರಿಗೆ ಆ ತಡಿಕೆ ನಗು ತರಿಸಬಹುದು. ಆದರೆ ಅದರ ಮರೆಯಲ್ಲಿ ಕುಳಿತು ಮೊದಲ ಬಾರಿಗೆ ಹೊರಗೆ ಚಹಾ ಕುಡಿದ ಗೃಹಿಣಿಯರಿಗೆ ಅದು ಸಣ್ಣ ಸಂಗತಿಯಾಗಿರಲಾರದು.

ಇದರಿಂದ ಜರತುಷ್ಟ್ರನ ಅನುಯಾಯಿಗಳೆಲ್ಲರೂ ಜಾತಿಭೇದದಿಂದ ದೂರವಿದ್ದರೆಂದು ತಿಳಿಯುವುದೂ ಸರಿಯಾಗದು. ಡಾ. ಬಿ.ಆರ್. ಅಂಬೇಡ್ಕರರು ವಿದೇಶದ ವ್ಯಾಸಂಗದಿಂದ ಹಿಂದಿರುಗಿ, 1917ರಲ್ಲಿ ಬಡೋದಾ ಸಂಸ್ಥಾನದ ಸೇವೆಗೆ ಸೇರಿದಾಗ ತಂಗಲು ಎಲ್ಲಿಯೂ ಜಾಗ ಸಿಗದೆ ಒಂದು ಪಾರಸಿ ವಸತಿಗೃಹದಲ್ಲಿ ಪಾರಸಿಯ ಹೆಸರಿನಿಂದ ಇಳಿದುಕೊಂಡಿದ್ದರು. ಕೆಲವೇ ದಿನಗಳಲ್ಲಿ ಗುರುತು ತಿಳಿದು, ದೊಣ್ಣೆ ಹಿಡಿದ ಪಾರಸಿಗಳ ಗುಂಪು ಬಂದು ಅವರನ್ನು ಅಲ್ಲಿಂದ ಹೊರಡಿಸಿತು. 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ನೆನಪಿನ ಬರಹದಲ್ಲಿ ಬಾಬಾಸಾಹೇಬರು ಇದನ್ನು ದಾಖಲಿಸಿದ್ದಾರೆ. ಆದ್ದರಿಂದ ಇರಾನಿಯ ಮೇಜಿನ ಸಮಾನತೆಗೆ ವ್ಯಾಪಾರದ ಬುದ್ಧಿಯೂ ಕಾರಣವಾಗಿರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಗಿರಾಕಿಯ ಕುಲ ಕೇಳುತ್ತ ಕುಳಿತರೆ ಎರಡು ಪೈಸೆಯ ಚಹಾ ಮಾರಿ ಬಾಳುವುದೆಂತು? ಕಾರಣ ಯಾವುದಾದರೂ ಆಗಲಿ, ಕುಳಿತವನಿಗೆ ಕುರ್ಚಿ ಸಿಕ್ಕಿತು.

ನಮ್ಮ ಭಾಗದವರಿಗೂ ಈ ಮೇಜಿನ ನಂಟು ಉಂಟು. 1956ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಶಾಸನಸಭೆಯ ಕೆಲಸಕ್ಕೆ, ಹೈಕೋರ್ಟಿನ ವ್ಯಾಜ್ಯಕ್ಕೆ, ಹತ್ತಿಯ ವ್ಯಾಪಾರಕ್ಕೆ, ಕಾನೂನಿನ ಓದಿಗೆ ಮುಂಬಯಿಯ ರೈಲು ಹತ್ತಲೇಬೇಕಾಗಿತ್ತು. ಧಾರವಾಡದ ಕರ್ನಾಟಕ ಕಾಲೇಜು ಕೂಡ ಕರ್ನಾಟಕ ವಿಶ್ವವಿದ್ಯಾಲಯ ಬರುವವರೆಗೆ ಮುಂಬಯಿ ವಿಶ್ವವಿದ್ಯಾಲಯಕ್ಕೇ ಸಂಯೋಜಿತವಾಗಿತ್ತು. ಹಾಗೆ ಹೋದವರು ಹೈಕೋರ್ಟಿನಿಂದ ಧೋಬಿ ತಲಾವಿನವರೆಗಿನ ಹಾದಿಯಲ್ಲಿ ಇರಾನಿಯ ಚಹಾ ಕುಡಿಯದೆ ಹಿಂದಿರುಗಿದ್ದು ಅಪರೂಪ. ಬೀದರ, ಕಲಬುರಗಿ, ರಾಯಚೂರಿನವರಿಗೆ ಇದೇ ಅನುಭವ ಹೈದರಾಬಾದಿನ ಇರಾನಿಗಳಲ್ಲಿ ಆಗಿರುತ್ತದೆ; ಅಲ್ಲಿಂದ ಬರುವವರು ಉಸ್ಮಾನಿಯಾ ಬಿಸ್ಕೀಟಿನ ಪೊಟ್ಟಣ ತಾರದೆ ಬಂದರೆ ಮನೆಯ ಮಕ್ಕಳು ಇಂದಿಗೂ ಮುನಿಯುತ್ತಾರೆ.

ಈ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. 1950ರ ದಶಕದಲ್ಲಿ ಮುಂಬಯಿಯಲ್ಲಿ ನೂರಾರು ಇದ್ದವು. ಈಗ ಬೆರಳೆಣಿಕೆಯಷ್ಟು ಉಳಿದಿವೆ. ಕೆಲವು ಬೀರು ಮಾರುವ ಪರ್ಮಿಟ್ ರೂಮುಗಳಾದವು, ಕೆಲವು ಬ್ಯಾಂಕುಗಳಾದವು. ಕಾರಣ ಗಿರಾಕಿಗಳ ಕೊರತೆಯೆಂದು ಹೊರಗಿನವರು ತಿಳಿಯುವುದುಂಟು. ಕಯಾನಿಯಲ್ಲಿ ನಾವು ಕುಳಿತಿದ್ದಷ್ಟು ಹೊತ್ತೂ ಕುರ್ಚಿಗಳು ತುಂಬಿಯೇ ಇದ್ದವು. ಗಂಟು ಇರುವುದು ಬೇರೆ ಕಡೆ.

ಮೊದಲನೆಯದು ಅದೇ ಮೂಲೆ. ಒಂದು ಕಾಲಕ್ಕೆ ಯಾರೂ ಕೇಳದಿದ್ದ ಎರಡು ಬೀದಿಯ ಮೂಲೆಯೇ ಇಂದು ಅತ್ಯಂತ ಬೆಲೆಬಾಳುವ ಜಾಗ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ 'ಪಗಡಿ' ಪದ್ಧತಿಯಿದೆ; ಮೊದಲಿಗೆ ದೊಡ್ಡ ಮೊತ್ತ ಕೊಟ್ಟು ಹಿಡಿದ ಜಾಗಕ್ಕೆ ಆಮೇಲೆ ಸಣ್ಣ ಬಾಡಿಗೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಆ ಬಾಡಿಗೆಯನ್ನು ಹಳೆಯ ಮಟ್ಟದಲ್ಲಿಯೇ ಹಿಡಿದು ನಿಲ್ಲಿಸಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯೂ ಹಳೆಯ ಬಾಡಿಗೆದಾರರಿಗೆ ಬಹಳಮಟ್ಟಿಗೆ ರಕ್ಷಣೆ ಕೊಟ್ಟಿತು. ಚಹಾವನ್ನು ಅಗ್ಗಕ್ಕೆ ಮಾರಲು ಸಾಧ್ಯವಾದದ್ದು ಈ ಬಾಡಿಗೆಯಿಂದ. ಆದರೆ ಅಷ್ಟು ಅಲ್ಪ ಬಾಡಿಗೆ ಬರುವ ಕಟ್ಟಡಕ್ಕೆ ಮಾಲಿಕ ಸುಣ್ಣ ಹಚ್ಚಿಸಲಾರ, ತೊಲೆ ಬದಲಿಸಲಾರ. ಅಂಗಡಿಯನ್ನು ಉಳಿಸಿದ ಕಾಯಿದೆಯೇ ಅದರ ತಲೆಯ ಮೇಲಿನ ಮಾಳಿಗೆಯನ್ನು ಸೋರುವಂತೆ ಮಾಡಿತು. ಕೊನೆಗೆ ಕಟ್ಟಡ ಕೆಡವಿ ಗೋಪುರ ಎಬ್ಬಿಸುವವರು ಬಂದಾಗ ಎರಡು ಕಡೆಯವರೂ ಒಪ್ಪಿಬಿಡುತ್ತಾರೆ.

ಎರಡನೆಯದು ಪಾಲುದಾರಿಕೆ. ಇಬ್ಬರು ಮೂವರು ಕೂಡಿ ಹಿಡಿದ ಅಂಗಡಿ ಮೂರನೆಯ ತಲೆಮಾರಿಗೆ ಹತ್ತು ಹನ್ನೆರಡು ವಾರಸುದಾರರ ಕೈಗೆ ಬರುತ್ತದೆ. ಅವರಲ್ಲಿ ಒಬ್ಬರು ಟೊರೊಂಟೋದಲ್ಲಿ, ಒಬ್ಬರು ಪುಣೆಯಲ್ಲಿ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಭಟ್ಟಿಯ ಮುಂದೆ ನಿಲ್ಲುವವರು ಯಾರು? ನಮ್ಮ ಕುಟುಂಬಗಳ ಎಷ್ಟು ಅಡತಿ ಅಂಗಡಿಗಳು, ಎಣ್ಣೆಯ ಗಾಣಗಳು, ಮಗ್ಗಗಳು ಇದೇ ರೀತಿ ಮುಚ್ಚಿದವೆಂಬುದನ್ನು ವಾಚಕರು ತಮ್ಮ ಊರಿನ ಪೇಟೆಬೀದಿಯನ್ನು ಕಣ್ಮುಂದೆ ತಂದುಕೊಂಡು ಲೆಕ್ಕ ಹಾಕಬಹುದು. ಮಕ್ಕಳು ಓದಿ ದೊಡ್ಡ ನೌಕರಿ ಹಿಡಿಯಲೆಂದು ಹರಸಿದವರೂ ತಂದೆತಾಯಿಗಳೇ. ಅಂಗಡಿಗೆ ಯಾರೂ ಇಲ್ಲವೆಂದು ಕೊರಗುವವರೂ ಅವರೇ. ಇರಾನಿಗಳ ಪಾಲಿಗೆ ಇನ್ನೂ ಒಂದು ಕಷ್ಟವಿದೆ. ಅವರ ಜನಸಂಖ್ಯೆಯೇ ಕುಗ್ಗುತ್ತಿದೆ. ಭಾರತದಲ್ಲಿ ಪಾರಸಿಗಳೆಂದು ಗಣತಿಯಾದವರು 2001ರಲ್ಲಿ 69,601 ಮಂದಿ, 2011ರಲ್ಲಿ 57,264.

ಮೂರನೆಯದು ಈಚಿನದು. ಬ್ರುನ್ ಪಾವಿಗೆ ಆ ಗಟ್ಟಿ ತೊಗಟೆ ಬರುವುದು ಕಟ್ಟಿಗೆಯ ಭಟ್ಟಿಯ ಬಿರುಸಾದ ಕಾವಿನಿಂದ ಎಂಬುದು ಹಳೆಯ ಬೇಕರಿಗಳವರ ನಂಬಿಕೆ. ಮುಂಬಯಿಯ ವಾಯುಮಾಲಿನ್ಯದ ವಿಚಾರಣೆಯಲ್ಲಿ, 2025ರ ಜನವರಿಯಲ್ಲಿ, ಕಟ್ಟಿಗೆ-ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸು ಮೊದಲಾದ ಸ್ವಚ್ಛ ಇಂಧನಕ್ಕೆ ಬದಲಾಗಬೇಕೆಂದು ಮುಂಬಯಿ ಹೈಕೋರ್ಟು ಆದೇಶಿಸಿತು. ಆ ನಗರದ ಗಾಳಿಯನ್ನು ಉಸಿರಾಡಿದವರಾರೂ ಈ ಆದೇಶವನ್ನು ತಪ್ಪೆನ್ನಲಾರರು; ಭಟ್ಟಿಯ ಮುಂದೆ ದುಡಿಯುವವರ ಎದೆಗೂ ಹೊಗೆ ಒಳ್ಳೆಯದಲ್ಲ. ಆದರೆ ಹೊಸ ಒಲೆಗೆ ಬೇಕಾದ ಬಂಡವಾಳವನ್ನು ಅಗ್ಗದ ಪಾವು ಮಾರುವ ಹಳೆಯ ಬೇಕರಿ ಎಲ್ಲಿಂದ ತರಬೇಕು ಎಂಬುದೂ ಪ್ರಶ್ನೆಯೇ.

ಮುಚ್ಚುವ ಸುದ್ದಿ ಬಂದಾಗಷ್ಟೇ ನಾವು ಎಚ್ಚರಗೊಳ್ಳುತ್ತೇವೆ. ಗ್ರಾಂಟ್ ರೋಡ್ ನಿಲ್ದಾಣದ ಬಳಿ 1914ರಲ್ಲಿ ಆರಂಭವಾದ 'ಬಿ. ಮೆರ್ವಾನ್' ಮಾವಾ ಕೇಕಿಗೆ ಊರಿಗೇ ಹೆಸರಾಗಿತ್ತು. ಬೆಳಗಾಗುವುದರೊಳಗೆ ಹೋಗದಿದ್ದರೆ ಕೇಕು ಸಿಗುತ್ತಿರಲಿಲ್ಲ. ನೂರು ತುಂಬಿದ 2014ರಲ್ಲಿಯೇ ಅದು ಮುಚ್ಚುವುದೆಂಬ ಸುದ್ದಿ ಹಬ್ಬಿದಾಗ, ವರ್ಷಗಟ್ಟಲೆ ಅತ್ತ ತಲೆ ಹಾಕದವರೂ ಸಾಲು ನಿಂತರು. ಆಗ ದುರಸ್ತಿಯ ಬಳಿಕ ಅದು ಮತ್ತೆ ಬಾಗಿಲು ತೆರೆಯಿತು. ಬಲ್ಲಾರ್ಡ್ ಎಸ್ಟೇಟಿನ 'ಬ್ರಿಟಾನಿಯಾ' 1923ರದು. ಅದರ ಬೋಮನ್ ಕೊಹಿನೂರ್ ಅವರು ತೊಂಬತ್ತು ದಾಟಿದ ಮೇಲೂ ಪ್ರತಿ ಮೇಜಿಗೆ ಹೋಗಿ ಗಿರಾಕಿಗಳನ್ನು ಮಾತಾಡಿಸುತ್ತಿದ್ದರು; 2019ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಮಾಟುಂಗದ ಕಿಂಗ್ಸ್ ಸರ್ಕಲಿನಲ್ಲಿ 'ಕೂಲಾರ್' ಇದೆ. ಆ ಬಡಾವಣೆ ಕನ್ನಡಿಗರಿಗೆ ತವರಿನಂಥದು. ಅಲ್ಲಿಯ ಉಡುಪಿ ಹೋಟೆಲುಗಳು ಇಡ್ಲಿ-ದೋಸೆಗಳಿಂದ ಇರಾನಿಯ ಗಿರಾಕಿಗಳನ್ನು ಸೆಳೆದುಕೊಂಡವೆಂಬುದೂ ಸುಳ್ಳಲ್ಲ. ಸಸ್ಯಾಹಾರಿಗಳಿಗೆ ನೆಮ್ಮದಿಯಾಯಿತು, ಇರಾನಿಗೆ ಸ್ಪರ್ಧೆಯಾಯಿತು.

ಒಂದು ಸೋಜಿಗ ನೋಡಿ. ಲಂಡನ್ನಿನಲ್ಲಿ 2010ರಲ್ಲಿ 'ದಿಶೂಮ್' ಎಂಬ ಹೋಟೆಲು ತೆರೆಯಿತು. ಮುಂಬಯಿಯ ಇರಾನಿಯನ್ನೇ ಮಾದರಿಯಾಗಿ ಇಟ್ಟುಕೊಂಡು, ಅದೇ ಬಾಗಿದ ಕುರ್ಚಿ, ಅದೇ ಅಮೃತಶಿಲೆ, ಅದೇ ಹಳೆಯ ಭಾವಚಿತ್ರಗಳನ್ನು ಹೊಂದಿಸಿದ್ದಾರೆ. ಅದು ಚೆನ್ನಾಗಿ ನಡೆದು ಬೇರೆ ಊರುಗಳಿಗೂ ಹಬ್ಬಿತು. ಪ್ರತಿಕೃತಿಗೆ ಸಾಲು ನಿಲ್ಲುವ ಜನ, ಮೂಲಕ್ಕೆ ದುರಸ್ತಿಯ ಹಣವಿಲ್ಲ. ಆದರೂ ಪ್ರತಿಕೃತಿಯನ್ನು ಹಳಿಯಲು ನಮಗೆ ಮನಸ್ಸಾಗದು. ಅಲ್ಲಿ ತರಲಾಗದ್ದು ಒಂದೇ: ಚಿಲ್ಲರೆ ಕಾಸಿಗೆ ಒಂದು ತಾಸು ಕುರ್ಚಿ.

ಮುಂಬಯಿಗೆ ಹೋಗುವ ಕುಟುಂಬಗಳಿಗೆ ಕೆಲವು ಸೂಚನೆಗಳನ್ನು ಕೊಟ್ಟು ಮುಗಿಸುತ್ತೇವೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದವರಿಗೆ ಧೋಬಿ ತಲಾವು ಕಾಲ್ನಡಿಗೆಯ ದೂರ. ಮರೀನ್ ಲೈನ್ಸ್ ನಿಲ್ದಾಣದಿಂದ ಇನ್ನೂ ಹತ್ತಿರ. ಮೆಟ್ರೊ ಚಿತ್ರಮಂದಿರ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುತ್ತಾರೆ. ಬೆಳಿಗ್ಗೆ ಹೋದರೆ ಬ್ರುನ್ ಬಿಸಿಯಾಗಿರುತ್ತದೆ. ಮೊಟ್ಟೆ ಬೇಡವಾದವರು ಪ್ರತಿಯೊಂದು ತಿನಿಸಿಗೂ ಕೇಳಿಯೇ ತೆಗೆದುಕೊಳ್ಳಬೇಕು. ಒಂದೇ ಕಪಾಟಿನಲ್ಲಿ ಎರಡೂ ಬಗೆ ಇರುತ್ತವೆ. ಖಾರಿ, ನಾನ್‌ಖಟಾಯಿಗಳನ್ನು ಊರಿಗೆ ಕಟ್ಟಿಸಿ ತರಬಹುದು, ವಾರದ ಮೇಲೂ ಗರಿಗರಿಯಾಗಿರುತ್ತವೆ. ಮಾವಾ ಕೇಕು ಹಾಲಿನದಾದ್ದರಿಂದ ಮರುದಿನದೊಳಗೆ ತೀರಿಸಬೇಕು. ಎದುರಿನ ಕುರ್ಚಿಗೆ ಅಪರಿಚಿತರು ಬಂದು ಕುಳಿತರೆ ಸಂಕೋಚಪಡಬೇಕಾಗಿಲ್ಲ. ಸಕ್ಕರೆಯ ಬಟ್ಟಲನ್ನು ಅವರತ್ತ ಸರಿಸಿದರೆ ಸಾಕು. ಹಣವನ್ನು ಹೊರಗೆ ಹೋಗುವಾಗ ಗಲ್ಲಾದಲ್ಲಿ ಕೊಡಬೇಕು.